ಕ್ಯಾಸಿಯಸ್‌ನದು ಬರಿಯ ಹೊಟ್ಟೆಕಿಚ್ಚೇ?

ಸರಸ್ವತಿಪುರಂ ಓದುಗಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಏಳೆಂಟು ಮಂದಿ ಗೆಳೆಯರು ಭಾನುವಾರದ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ನಾಟಕಗಳನ್ನು ಗಟ್ಟಿಯಾಗಿ ಓದುತ್ತ ಬಂದಿದ್ದೇವೆ. ಒಂದು ತಿಂಗಳಿಂದ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಡೆಯುತ್ತಿದೆ. ರೋಮಿನಲ್ಲಿ ಎಲ್ಲರಿಗಿಂತ ಮೇಲೇರಿದ ಸೀಸರನನ್ನು ಕೊಲ್ಲುವ ಸಂಚು ಕಟ್ಟಿ, ಗೆಳೆಯ ಬ್ರೂಟಸ್‌ನನ್ನು ಅದಕ್ಕೆ ಸೆಳೆಯುವವನು ಅದರಲ್ಲಿ ಕ್ಯಾಸಿಯಸ್. ಕ್ಯಾಸಿಯಸ್‌ನ ಮಾತುಗಳನ್ನು ಓದುವ ಎಂ.ಎ. ವಿದ್ಯಾರ್ಥಿ ಕಳೆದ ವಾರ ಪುಸ್ತಕ ಮಡಚಿಟ್ಟು, ‘ಅಕ್ಕಾ, ಇವನಿಗೆ ಇರುವುದು ಬರೀ ಹೊಟ್ಟೆಕಿಚ್ಚಾದರೆ ಐದು ಅಂಕದವರೆಗೆ ಇವನನ್ನು ಹೊತ್ತುಕೊಂಡು ಹೋಗುವುದು ಹೇಗೆ?’ ಎಂದು ಕೇಳಿದ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಮತ್ತೆ ಮತ್ತೆ ಓದಿದ್ದೇನೆ, ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅವನು ಮತ್ಸರಿ ಎಂದು ನಾಟಕದೊಳಗೆ ಹೇಳುವವರು ಮುಖ್ಯವಾಗಿ ಇಬ್ಬರು. ಮೊದಲನೆಯವನು ಸೀಸರ್. ಕ್ಯಾಸಿಯಸ್ ಸೊರಗಿದ ಮೈಯವನು, ಹಸಿದ ಕಣ್ಣಿನವನು, ಬಹಳ ಓದುವವನು, ಬಹಳ ಯೋಚಿಸುವವನು, ಸಂಗೀತ ಕೇಳದವನು, ನಗುವುದೇ ಅಪರೂಪವಾದವನು; ಇಂಥವರಿಗೆ ತಮಗಿಂತ ದೊಡ್ಡವನೊಬ್ಬನು ಕಣ್ಣಿಗೆ ಬೀಳುವ ತನಕ ಮನಸ್ಸಿಗೆ ನೆಮ್ಮದಿ, ಬಿದ್ದ ಮೇಲೆ ಇಲ್ಲ ಎಂದು ಅವನು ತನ್ನ ಆಪ್ತ ಆಂಟನಿಯ ಕಿವಿಯಲ್ಲಿ ಹೇಳುತ್ತಾನೆ. ಎರಡನೆಯವನು ಆಂಟನಿ. ನಾಟಕದ ಕೊನೆಯಲ್ಲಿ ಬ್ರೂಟಸ್‌ನ ಶವದ ಮುಂದೆ ನಿಂತು, ಸಂಚುಗಾರರಲ್ಲಿ ಇವನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಸೀಸರನ ಮೇಲಿನ ಮತ್ಸರದಿಂದಲೇ ಆ ಕೆಲಸ ಮಾಡಿದರು ಎಂದು ಅವನು ತೀರ್ಪು ಕೊಡುತ್ತಾನೆ. ನಾವು ತರಗತಿಗಳಲ್ಲಿ ಬರೆಯುತ್ತ ಬಂದ ಉತ್ತರ ಈ ತೀರ್ಪಿನ ನಕಲು. ಆದರೆ ಒಬ್ಬನು ಕ್ಯಾಸಿಯಸ್‌ನ ಕತ್ತಿಗೆ ಬಲಿಯಾಗಲಿರುವವನು, ಇನ್ನೊಬ್ಬನು ಅವನ ಮೇಲೆ ಯುದ್ಧ ಗೆದ್ದವನು. ಇದೇ ಆಂಟನಿ ನಾಲ್ಕನೆಯ ಅಂಕದ ಮೊದಲಲ್ಲಿ ಯಾರು ಯಾರು ಸಾಯಬೇಕೆಂದು ಪಟ್ಟಿಗೆ ಗುರುತು ಹಾಕುತ್ತಾನೆ. ಒಬ್ಬೊಬ್ಬ ರೋಮನ್ನನಿಗೂ 75 ದ್ರಾಕ್ಮಾ ಬಿಟ್ಟುಹೋಗಿದ್ದಾನೆಂದು ಜನರ ಮುಂದೆ ಓದಿ ಹೇಳಿದ ಸೀಸರನ ಉಯಿಲಿನಲ್ಲೇ ಖರ್ಚು ಕಡಿತ ಮಾಡುವ ದಾರಿ ಹುಡುಕುತ್ತಾನೆ. ಇಂಥವನ ಮಾತನ್ನು ನಾವು ಕವಿಯ ಮಾತೆಂದು ಏಕೆ ಹಿಡಿದೆವು?

ಕ್ಯಾಸಿಯಸ್‌ನಲ್ಲಿ ಮತ್ಸರವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಅವನೇ ಬ್ರೂಟಸ್‌ನ ಮುಂದೆ ಬಾಯಿಬಿಟ್ಟು ಹೇಳುವ ಟೈಬರ್ ನದಿಯ ಪ್ರಸಂಗವನ್ನು ಓದುವಾಗ ಆ ಉರಿ ಕೈಗೆ ತಗಲುತ್ತದೆ. ನನ್ನ ಪ್ರಶ್ನೆ, ಆ ಒಂದು ಪದ ಇವನನ್ನು ಹಿಡಿದಿಡುತ್ತದೆಯೇ ಎಂಬುದು.

ಮಂಡ್ಯದ ನಿವೃತ್ತ ಇಂಗ್ಲಿಷ್ ಮೇಷ್ಟ್ರು:

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ, ತಾಯಿ. ಪದದಿಂದಲೇ ಆರಂಭಿಸೋಣ, ಏಕೆಂದರೆ ಅರ್ಧ ಗೊಂದಲ ಅಲ್ಲಿದೆ.

ಆಂಟನಿ ಬಳಸುವ ಪದ ‘ಎನ್ವಿ’. ಇಂದು ಆ ಪದಕ್ಕೆ ಪರರ ಏಳಿಗೆಯನ್ನು ಕಂಡು ಕರುಬುವುದು ಎಂದಷ್ಟೇ ಅರ್ಥ. ಈ ನಾಟಕ ಬರೆದ ಕಾಲದಲ್ಲಿ ಅದಕ್ಕೆ ದ್ವೇಷ, ಹಗೆತನ, ಕೇಡಿನ ಬುದ್ಧಿ ಎಂಬ ಅರ್ಥವೂ ಬಳಕೆಯಲ್ಲಿತ್ತು. 1599ರ ಸೆಪ್ಟೆಂಬರ್ 21ರಂದು ಲಂಡನ್ನಿನಲ್ಲಿ ಈ ನಾಟಕವನ್ನು ನೋಡಿದ್ದಾಗಿ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಬರೆದಿಟ್ಟಿರುವುದರಿಂದ ಕಾಲದ ಬಗ್ಗೆ ಹೆಚ್ಚು ತಕರಾರಿಲ್ಲ. ಸೀಸರನ ಮೇಲಂಗಿಯಲ್ಲಿ ಸಂಚುಗಾರರಲ್ಲೊಬ್ಬನಾದ ಕ್ಯಾಸ್ಕಾ ಮಾಡಿದ ಸೀಳನ್ನು ತೋರಿಸುವಾಗಲೂ ಆಂಟನಿ ಅವನಿಗೆ ಇದೇ ಪದದ ವಿಶೇಷಣವನ್ನು ಹಚ್ಚುತ್ತಾನೆ. ಕ್ಯಾಸ್ಕಾ ಸೀಸರನನ್ನು ಕಂಡು ಕರುಬಿದ ಒಂದು ಸಾಲೂ ನಾಟಕದಲ್ಲಿಲ್ಲ. ಅಲ್ಲಿ ‘ಹಗೆತನದ ಕ್ಯಾಸ್ಕಾ’ ಎಂದರೇ ಸರಿಯಾಗುತ್ತದೆ. ಬ್ರೂಟಸ್ ಕೂಡ, ಆಂಟನಿಯನ್ನೂ ಕೊಲ್ಲಬೇಕೆಂಬ ಸಲಹೆ ಬಂದಾಗ, ಹಾಗೆ ಮಾಡಿದರೆ ನಮ್ಮ ಕೆಲಸ ಅಗತ್ಯದ್ದಾಗಿ ಕಾಣದೆ ದ್ವೇಷದ್ದಾಗಿ ಕಂಡೀತು ಎನ್ನುವಾಗ ಇದೇ ಪದವನ್ನು ಆಡುತ್ತಾನೆ. ಕೊನೆಯ ತೀರ್ಪನ್ನು ‘ಹೊಟ್ಟೆಕಿಚ್ಚು’ ಎಂದು ಕನ್ನಡಿಸಿದ ಕೂಡಲೇ ನಾವು ಆ ಪದದ ಅರ್ಧವನ್ನು ಕಳೆದುಕೊಳ್ಳುತ್ತೇವೆ.

ಇನ್ನೊಂದು ಪದ ‘ಜೆಲಸ್’. ಅದು ಇದೇ ನಾಟಕದ ಮೊದಲ ಅಂಕದಲ್ಲಿ ಎರಡು ಸಲ ಬರುತ್ತದೆ, ಎರಡು ಸಲವೂ ಸಂಶಯ ಎಂಬ ಅರ್ಥದಲ್ಲಿ. ನನ್ನ ಮೇಲೆ ಅನುಮಾನ ಪಡಬೇಡ ಎಂದು ಕ್ಯಾಸಿಯಸ್ ಕೇಳುತ್ತಾನೆ. ನಿನ್ನ ಪ್ರೀತಿಯಲ್ಲಿ ನನಗೆ ಸ್ವಲ್ಪವೂ ಅನುಮಾನವಿಲ್ಲ ಎಂದು ಬ್ರೂಟಸ್ ಹೇಳುತ್ತಾನೆ. ಇದ್ದದ್ದು ಕೈತಪ್ಪೀತು ಎಂಬ ಸಂಶಯದಿಂದ ಹುಟ್ಟುವ ಅಸೂಯೆ, ಇದೇ ಕವಿಯ ಇನ್ನೊಂದು ನಾಟಕದಲ್ಲಿ ಹೆಂಡತಿಯನ್ನು ಶಂಕಿಸುವ ಒಥೆಲೋನದು. ಕ್ಯಾಸಿಯಸ್‌ಗೆ ಅದು ಯಾವ ರೀತಿಯಲ್ಲೂ ಸಲ್ಲುವುದಿಲ್ಲ.

ಮೂಲದ ಕಡೆಗೂ ನೋಡಿ. ಷೇಕ್ಸ್‌ಪಿಯರ್ ಮುಂದಿಟ್ಟುಕೊಂಡದ್ದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಜೀವನಚರಿತ್ರೆಗಳನ್ನು, 1579ರಲ್ಲಿ ನಾರ್ತ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ. ಕ್ಯಾಸಿಯಸ್‌ಗೆ ಸ್ವಂತದ ಕಾರಣಗಳಿದ್ದವು ಎಂದು ಅಲ್ಲಿ ಸ್ಪಷ್ಟವಾಗಿದೆ. ರೋಮಿನ ಮುಖ್ಯ ಪ್ರೇಟರ್, ಅಂದರೆ ಹಿರಿಯ ನ್ಯಾಯಾಧಿಕಾರಿಯ, ಹುದ್ದೆಗೆ ಇವನೂ ಬ್ರೂಟಸ್‌ನೂ ಪೈಪೋಟಿ ನಡೆಸಿದಾಗ, ಕ್ಯಾಸಿಯಸ್‌ನ ವಾದವೇ ನ್ಯಾಯವಾದದ್ದು, ಆದರೂ ಹುದ್ದೆ ಬ್ರೂಟಸ್‌ಗೆ ಹೋಗಬೇಕು ಎಂದು ಸೀಸರ್ ಹೇಳಿದನಂತೆ. ಕ್ಯಾಸಿಯಸ್ ಮೆಗಾರಾದಲ್ಲಿ ಇಟ್ಟಿದ್ದ ಸಿಂಹಗಳನ್ನು ಸೀಸರ್ ತನ್ನದಾಗಿಸಿಕೊಂಡ ಕಥೆಯೂ ಇದೆ. ಆದರೆ ಅದೇ ಪ್ಲುಟಾರ್ಕ್, ಸಿಂಹಗಳ ಸಿಟ್ಟಿನಿಂದಲೇ ಇವನು ಸಂಚು ಹೂಡಿದ ಎನ್ನುವವರ ಮಾತನ್ನು ಒಪ್ಪುವುದಿಲ್ಲ. ದಬ್ಬಾಳಿಕೆಯ ಮೇಲಿನ ಹಗೆ ಇವನಿಗೆ ಹುಟ್ಟುಗುಣ ಎಂದು ಹೇಳಿ, ಸರ್ವಾಧಿಕಾರಿ ಸುಲ್ಲನ ಮಗ ಶಾಲೆಯಲ್ಲಿ ಅಪ್ಪನ ಅಧಿಕಾರವನ್ನು ಕೊಚ್ಚಿಕೊಂಡಾಗ ಬಾಲಕ ಕ್ಯಾಸಿಯಸ್ ಎದ್ದು ಅವನಿಗೆ ಹೊಡೆದದ್ದನ್ನು ಸಾಕ್ಷಿಯಾಗಿ ಕೊಡುತ್ತಾನೆ. ಸ್ವಂತದ ನೋವು, ತತ್ತ್ವದ ಹಗೆ ಎರಡೂ ಮೂಲದಲ್ಲಿಯೇ ಅಕ್ಕಪಕ್ಕದಲ್ಲಿವೆ.

ಶ್ರೀರಂಗಪಟ್ಟಣದ ಹವ್ಯಾಸಿ ನಟ:

ಮೇಷ್ಟ್ರಿಗೂ ಅಕ್ಕನವರಿಗೂ ವಂದನೆಗಳು. ನಾನು ಇಂಗ್ಲಿಷ್ ಸಾಹಿತ್ಯ ಓದಿದವನಲ್ಲ. ನಮ್ಮ ಮಂಡ್ಯ ಸೀಮೆಯ ಊರುಗಳಲ್ಲಿ ಹಬ್ಬಕ್ಕೆ ಆಡುವ ‘ಕುರುಕ್ಷೇತ್ರ’ ನಾಟಕದಲ್ಲಿ, ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಎರಡು ಬಾರಿ ದುರ್ಯೋಧನನ ಪಾರ್ಟು ಮಾಡಿದ್ದೇನೆ. ‘ಸೀಸರ್’ ನಾಟಕವನ್ನು ಕನ್ನಡದಲ್ಲಿ ಓದಿಸಿಕೊಂಡು ಕೇಳಿದ್ದೇನೆ. ಮತ್ಸರದ ಪಾರ್ಟನ್ನು ಮೈಯಲ್ಲಿ ಹೊತ್ತವನ ಅನುಭವದಿಂದ ಎರಡು ಮಾತು ಹೇಳುತ್ತೇನೆ.

ದುರ್ಯೋಧನನ ಉರಿ ಎಲ್ಲಿಂದ ಹತ್ತಿತು? ರಾಜಸೂಯದಲ್ಲಿ ದೊರೆಗಳು ತಂದ ಕಪ್ಪಕಾಣಿಕೆಗಳನ್ನು ಸ್ವೀಕರಿಸುವ ಕೆಲಸವನ್ನು ಅವನಿಗೇ ವಹಿಸಿದ್ದರು. ದಾಯಾದಿಯ ಐಶ್ವರ್ಯವನ್ನು ಅವನು ತನ್ನ ಕೈಯಿಂದಲೇ ಎಣಿಸಿಕೊಂಡ. ಆಮೇಲೆ ಮಯನ ಸಭೆಯಲ್ಲಿ ನೆಲವೆಂದು ನೀರಿಗೆ ಕಾಲಿಟ್ಟು ಬಿದ್ದ, ಕಂಡವರು ನಕ್ಕರು. ಅವನಿಗೆ ಬೇಕಾದದ್ದು ಆ ಸಭೆ, ಆ ರಾಜ್ಯ, ಆ ಐಶ್ವರ್ಯ. ಕ್ಯಾಸಿಯಸ್ ಸೀಸರನ ಒಂದು ನಾಣ್ಯವನ್ನೂ ಎಣಿಸುವುದಿಲ್ಲ. ಅವನು ಎಣಿಸುವುದು ಸೀಸರನ ಮೈಯನ್ನು: ಗಾಳಿ ಬೀಸುತ್ತಿದ್ದ ದಿನ ಈಜಲು ಪಂಥ ಕಟ್ಟಿದವನು ಸೀಸರ್, ನಡುನೀರಿನಲ್ಲಿ ಕೈಸೋತು ಕಾಪಾಡು ಎಂದು ಕೂಗಿದವನೂ ಸೀಸರ್, ಸ್ಪೇನಿನಲ್ಲಿ ಜ್ವರ ಬಂದಾಗ ನಡುಗಿದವನು, ಕಾಯಿಲೆಯ ಹುಡುಗಿಯಂತೆ ನೀರು ಕೊಡಿ ಎಂದು ನರಳಿದವನು. ಈಗ ಆ ಮನುಷ್ಯ ದೇವರಾಗಿದ್ದಾನೆ, ಅವನು ಸುಮ್ಮನೆ ತಲೆಯಾಡಿಸಿದರೂ ನಾನು ಬಗ್ಗಬೇಕು ಎನ್ನುತ್ತಾನೆ.

ಈ ಮಾತು ನನಗೆ ಹೊರಗಿನದಲ್ಲ. ಹದಿನೇಳರ ವಯಸ್ಸಿನಲ್ಲಿ, ಆಷಾಢದ ಕೆಂಪು ನೀರು ಬರುತ್ತಿದ್ದಾಗ, ಗೆಳೆಯನೊಬ್ಬ ಪಂಥ ಕಟ್ಟಿ ಕಾವೇರಿಗೆ ಧುಮುಕಿದ. ಸೆಳವಿನಲ್ಲಿ ಅವನ ಕೈ ಸೋತಿತು, ನಾನು ಕೂದಲು ಹಿಡಿದು ದಡಕ್ಕೆ ಎಳೆದು ತಂದೆ. ಮುಂದೆ ಅವನು ದೊಡ್ಡ ಸ್ಥಾನಕ್ಕೆ ಹೋದ. ಒಂದು ಸಭೆಗೆ ಅವನು ಬಂದಾಗ ಎಲ್ಲರ ಜೊತೆ ನಾನೂ ಎದ್ದು ನಿಂತೆ. ಅವನು ನನ್ನ ಕಡೆ ನೋಡಿಯೂ ನೋಡದ ಹಾಗೆ ತಲೆಯಾಡಿಸಿ ಮುಂದೆ ಹೋದ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಅವನ ಕುರ್ಚಿ ನನಗೆ ಬೇಕಿರಲಿಲ್ಲ, ಅದರ ಆಸೆಯೂ ಇರಲಿಲ್ಲ. ಆದರೂ ಉರಿದದ್ದು ನಿಜ, ಅದು ಹೊಟ್ಟೆಯಲ್ಲೇ ಉರಿದದ್ದು. ಆದ್ದರಿಂದ ನನ್ನ ಮನವಿ ಇಷ್ಟು: ಆ ಉರಿಗೆ ತತ್ತ್ವದ ಹೆಸರಿಟ್ಟು ತೊಳೆದು ಬಿಳುಪು ಮಾಡಬೇಡಿ. ಕ್ಯಾಸಿಯಸ್‌ನ ಪಾರ್ಟು ಮಾಡುವ ಹುಡುಗನಿಗೆ ಅದನ್ನು ಕೊಡಿ. ಅದಿಲ್ಲದಿದ್ದರೆ ನದಿಯ ಮಾತು ಬರಿಯ ವಾದವಾಗಿ, ತಣ್ಣಗೆ ಹೋಗುತ್ತದೆ.

ಕುವೆಂಪುನಗರ, ರಾಜ್ಯಶಾಸ್ತ್ರ ಅಧ್ಯಾಪಕ:

ಶ್ರೀರಂಗಪಟ್ಟಣದವರ ಮಾತು ಓದಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನು ಹೇಳಬೇಕೆಂದಿದ್ದುದು ಅವರ ಅನುಭವದಿಂದಲೇ ಹೆಚ್ಚು ಸ್ಪಷ್ಟವಾಯಿತು.

ಹುಟ್ಟಿನಿಂದ ರಾಜನಾದವನನ್ನು ಕಂಡು ಪ್ರಜೆಗೆ ಇಂಥ ಉರಿ ಬರುವುದಿಲ್ಲ. ಬಂದರೂ ಅದನ್ನು ವಾದವಾಗಿ ಮಂಡಿಸಲು ಅವನಲ್ಲಿ ಮಾತಿಲ್ಲ. ಸಮಾನರ ನಡುವಿನಿಂದ ಒಬ್ಬನು ಮೇಲೆದ್ದಾಗ ಮಾತ್ರ ಅದು ಬರುತ್ತದೆ. ರೋಮ್ ಗಣರಾಜ್ಯವಾಗಿತ್ತು. ಅರಸರನ್ನು ಓಡಿಸಿದ ಮೇಲೆ ವರ್ಷಕ್ಕೆ ಇಬ್ಬರು ಕಾನ್ಸಲರನ್ನು, ಅಂದರೆ ಆಡಳಿತದ ಮುಖ್ಯಸ್ಥರನ್ನು, ಆರಿಸುತ್ತ, ಯಾವ ಅಧಿಕಾರವೂ ಒಬ್ಬನ ಕೈಯಲ್ಲಿ ಬಹುಕಾಲ ನಿಲ್ಲದಂತೆ ಕಾಯ್ದುಕೊಂಡು ಬಂದ ವ್ಯವಸ್ಥೆ ಅದು. ಕ್ರಿ.ಪೂ. 44ರ ಆರಂಭದಲ್ಲಿ ಸೀಸರ್ ಆಜೀವ ಸರ್ವಾಧಿಕಾರಿಯಾದ. ಅದೇ ವರ್ಷದ ಮಾರ್ಚ್ 15ರಂದು ಕೊಲೆಯಾದ. ‘ನಾನು ಸೀಸರನಷ್ಟೇ ಸ್ವತಂತ್ರನಾಗಿ ಹುಟ್ಟಿದೆ, ನೀನೂ ಹಾಗೆಯೇ’ ಎಂದು ಕ್ಯಾಸಿಯಸ್ ಬ್ರೂಟಸ್‌ಗೆ ಹೇಳುವ ಸಾಲು ನದಿಯ ಪ್ರಸಂಗದ ಹೊಸ್ತಿಲಲ್ಲೇ ಇದೆ. ಅದನ್ನು ಬಿಟ್ಟು ನದಿಯ ಕಥೆಯನ್ನಷ್ಟೇ ಓದಿದರೆ ಹೊಟ್ಟೆಕಿಚ್ಚು ಕಾಣುತ್ತದೆ. ಕಥೆಯನ್ನು ಬಿಟ್ಟು ಅದನ್ನಷ್ಟೇ ಓದಿದರೆ ಪ್ರಜಾಸತ್ತೆಯ ಘೋಷಣೆ ಕಾಣುತ್ತದೆ. ಸಮಾನತೆಯ ಹಕ್ಕನ್ನು ಕೇಳುವವನೂ, ಪಕ್ಕದವನ ಏಳಿಗೆಯನ್ನು ಸಹಿಸದವನೂ ಒಂದೇ ವಾಕ್ಯವನ್ನು ಆಡಬಲ್ಲರು: ‘ಅವನೇನು ನನಗಿಂತ ಹೆಚ್ಚೆ?’ ಹೊರಗಿನಿಂದ ಕೇಳುವವನು ಯಾವುದು ಯಾವುದೆಂದು ಬೇರ್ಪಡಿಸಲಾರ. ಆಡಿದವನಿಗೂ ಅದು ಸಾಧ್ಯವೋ ಇಲ್ಲವೋ, ನನಗೆ ಅನುಮಾನ. ಅಧಿಕಾರದಲ್ಲಿರುವವರಿಗೆ ಇದರಿಂದ ದೊಡ್ಡ ಅನುಕೂಲವಿದೆ, ಪ್ರಶ್ನಿಸಿದವನನ್ನು ಹೊಟ್ಟೆಕಿಚ್ಚಿನವನು ಎಂದು ಕರೆದರೆ ಪ್ರಶ್ನೆಗೆ ಉತ್ತರ ಕೊಡುವ ಹೊರೆ ತಪ್ಪುತ್ತದೆ. ಸೀಸರ್ ಮಾಡಿದ್ದು ಅದನ್ನೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಿಷ್ಕಲ್ಮಷನೆಂದು ಎಲ್ಲರೂ ಕೊಂಡಾಡುವ ಬ್ರೂಟಸ್ ತನ್ನ ತೋಟದಲ್ಲಿ ಒಬ್ಬನೇ ಯೋಚಿಸುವಾಗ, ಸೀಸರನನ್ನು ಒದೆಯಲು ತನಗೆ ಸ್ವಂತದ ಕಾರಣ ಯಾವುದೂ ಇಲ್ಲವೆಂದೂ, ಅವನ ಬುದ್ಧಿಯನ್ನು ಆವೇಗ ಆಳಿದ್ದನ್ನು ತಾನು ಕಂಡಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಆಮೇಲೆ, ಕಿರೀಟ ಬಂದರೆ ಬದಲಾದಾನು, ಆದ್ದರಿಂದ ಹಾವಿನ ಮೊಟ್ಟೆಯೆಂದು ತಿಳಿದು ಚಿಪ್ಪಿನಲ್ಲೇ ಕೊಲ್ಲೋಣ ಎಂದು ನಿಶ್ಚಯಿಸುತ್ತಾನೆ. ಮುಂದೆ ಆಗಬಹುದಾದ ತಪ್ಪಿಗೆ ಇಂದು ಮರಣದಂಡನೆ. ಕ್ಯಾಸಿಯಸ್ ಕನಿಷ್ಠ ತಾನು ಕಂಡದ್ದನ್ನು, ತನ್ನ ಮೈಮೇಲೆ ಬಂದದ್ದನ್ನು ಹೇಳುತ್ತಾನೆ. ಶುದ್ಧವಾದ ಉದ್ದೇಶ ಇವನದಕ್ಕಿಂತ ಗಟ್ಟಿಯಾದ ಪುರಾವೆಯನ್ನೇನೂ ತರಲಿಲ್ಲ.

ಜಯಲಕ್ಷ್ಮಿಪುರಂ ವಿದ್ಯಾರ್ಥಿನಿ:

ಹಿರಿಯರ ನಡುವೆ ಮಾತನಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಬೇಕು. ನಾನು ಆಂಟನಿಯ ತೀರ್ಪನ್ನು ಪೂರ್ತಿಯಾಗಿ ತಳ್ಳಿಹಾಕಲಾರೆ. ಸೀಸರನ ಪ್ರತಿಮೆಗಳ ಮೇಲಿನ ಅಲಂಕಾರದ ವಸ್ತ್ರಗಳನ್ನು ಕಿತ್ತುಹಾಕಿದ್ದಕ್ಕೆ ಜನರ ಪ್ರತಿನಿಧಿಗಳಾದ ಮರುಲ್ಲಸ್ ಮತ್ತು ಫ್ಲೇವಿಯಸ್ ಇಬ್ಬರ ಬಾಯಿಯನ್ನೂ ಮುಚ್ಚಿಸಲಾಗಿದೆ ಎಂಬ ಸುದ್ದಿಯನ್ನು ಕ್ಯಾಸ್ಕಾ ತರುತ್ತಾನೆ. ಸೀಸರನ ದಬ್ಬಾಳಿಕೆಗೆ ಇದಕ್ಕಿಂತ ನೇರವಾದ ಸಾಕ್ಷಿ ನಾಟಕದಲ್ಲಿ ಇನ್ನೊಂದಿಲ್ಲ. ಕ್ಯಾಸಿಯಸ್ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇಂದು ರಾತ್ರಿ ಊಟಕ್ಕೆ ಬರುತ್ತೀಯಾ ಎಂದು ಕೇಳುತ್ತಾನೆ. ರೋಮಿನ ಸ್ವಾತಂತ್ರ್ಯವೇ ಅವನ ಚಿಂತೆಯಾಗಿದ್ದರೆ ಅಲ್ಲಿ ಸಿಡಿದೇಳಬೇಕಿತ್ತು. ಜ್ವರ ಬಂದ ಕಥೆಯನ್ನು ಅಷ್ಟು ಉದ್ದಕ್ಕೆ ಹೇಳಿದವನಿಗೆ ಇದು ಏಕೆ ಕಾಣಲಿಲ್ಲ? ಒಬ್ಬನೇ ಉಳಿದಾಗಲೂ, ಸೀಸರ್‌ಗೆ ತನ್ನನ್ನು ಕಂಡರಾಗದು, ಬ್ರೂಟಸ್ ಮೇಲೆ ಪ್ರೀತಿಯಿದೆ ಎಂಬ ಲೆಕ್ಕವನ್ನೇ ಹಾಕುತ್ತಾನೆ. ಬೇರೆ ಬೇರೆ ಕೈಬರಹದ ಸುಳ್ಳು ಪತ್ರಗಳನ್ನು ಬ್ರೂಟಸ್‌ನ ಕಿಟಕಿಯೊಳಗೆ ಎಸೆಯಲು ನಿಶ್ಚಯಿಸುವುದೂ ಆಗಲೇ.

ಸರಸ್ವತಿಪುರಂ ಓದುಗಿ:

ತಪ್ಪೇನಿಲ್ಲಮ್ಮ, ಈ ಚರ್ಚೆಗೆ ಬೇಕಿದ್ದ ಕಷ್ಟದ ಪ್ರಶ್ನೆಯೇ ಇದು. ಊಟಕ್ಕೆ ಕರೆದದ್ದನ್ನು ನಾನು ಬೇರೆ ರೀತಿಯಲ್ಲಿ ಓದುತ್ತೇನೆ. ಬಾಯಿ ಮುಚ್ಚಿಸಿದ ಸುದ್ದಿ ಕೇಳಿದ ಊರಿನಲ್ಲಿ ನಡುಬೀದಿಯಲ್ಲಿ ನಿಂತು ಸಿಡಿದೇಳುವವನು ಮರುದಿನ ಉಳಿಯುವುದಿಲ್ಲ. ಆ ಸುದ್ದಿಯ ಬೆನ್ನಿಗೇ, ತಂದವನನ್ನೇ ಮನೆಗೆ ಕರೆಯುವುದು ಅವನ ಉತ್ತರವಾಗಿರಬಹುದು. ಸುಳ್ಳು ಪತ್ರಗಳಿಗೆ ಮಾತ್ರ ನನ್ನಲ್ಲಿ ಸಮರ್ಥನೆಯಿಲ್ಲ. ಅದು ಮೋಸ, ಅಲ್ಲಿ ಅವನು ಗೆಳೆಯನ ಒಳ್ಳೆಯತನವನ್ನೇ ಗಾಳವಾಗಿ ಬಳಸಿದ.

ಆದರೆ ಬ್ರೂಟಸ್‌ನ ಜೊತೆಗಿನ ಅವನ ಉಳಿದ ಬಾಳನ್ನು ನೋಡಿ. ತನಗಿಂತ ದೊಡ್ಡವನನ್ನು ಸಹಿಸಲಾರದವನು ಎಂಬ ಸೀಸರನ ಮಾತು ನಿಜವಾಗಿದ್ದರೆ, ಕೊಲೆಯಾದ ಮರುಗಳಿಗೆಯಿಂದ ಅವನು ಬ್ರೂಟಸ್‌ನನ್ನು ಸಹಿಸಬಾರದಾಗಿತ್ತು. ಜನರೆಲ್ಲ ಮೆಚ್ಚಿದ್ದು ಬ್ರೂಟಸ್‌ನನ್ನು. ಸಂಚನ್ನು ಕಟ್ಟಿದವನು ಕ್ಯಾಸಿಯಸ್, ನಾಯಕನಾದವನು ಅವನ ಭಾವಮೈದುನ ಬ್ರೂಟಸ್. ಪ್ರಮಾಣ ಮಾಡೋಣ ಎಂದು ಕ್ಯಾಸಿಯಸ್ ಹೇಳಿದ, ಬ್ರೂಟಸ್ ಬೇಡವೆಂದ. ಹೆಸರಾಂತ ವಾಗ್ಮಿ ಸಿಸಿರೋನನ್ನು ಸೇರಿಸಿಕೊಳ್ಳೋಣ ಎಂದ, ಬೇಡ. ಆಂಟನಿಯನ್ನೂ ಮುಗಿಸೋಣ ಎಂದ, ಬೇಡ. ಶವದ ಮುಂದೆ ಆಂಟನಿ ಮಾತನಾಡಬಾರದು ಎಂದ, ಮಾತನಾಡಲಿ. ಶತ್ರುವೇ ನಮ್ಮನ್ನು ಹುಡುಕಿ ಬರಲಿ, ಫಿಲಿಪ್ಪೈಗೆ ನಾವು ಹೋಗುವುದು ಬೇಡ ಎಂದ, ಹೋಗೋಣ ಎಂದಾಯಿತು; ಅವರು ಸೋತ ಕೊನೆಯ ಯುದ್ಧ ಅಲ್ಲಿಯದೇ. ಐದು ಬಾರಿ ತಲೆಬಾಗಿದ್ದಾನೆ. ಕೊನೆಯ ಮೂರರಲ್ಲಿ ಅವನ ಮಾತೇ ಸರಿಯಾಗಿತ್ತು, ಆ ಮೂರೇ ಅವರೆಲ್ಲರ ಪ್ರಾಣ ತೆಗೆದವು. ಯುದ್ಧಕ್ಕೆ ಮುಂಚೆ ಆಂಟನಿ ಬೈದಾಗ, ಅಂದು ನನ್ನ ಮಾತು ನಡೆದಿದ್ದರೆ ಈ ನಾಲಿಗೆ ಇಂದು ಹೀಗೆ ಆಡುತ್ತಿರಲಿಲ್ಲ ಎಂದು ಬ್ರೂಟಸ್‌ನನ್ನು ಒಮ್ಮೆ ಚುಚ್ಚಿದ್ದು ಬಿಟ್ಟರೆ, ‘ನಾನು ಅಂದೇ ಹೇಳಿದ್ದೆ’ ಎಂದು ಅವನು ಹಂಗಿಸಿದ್ದನ್ನು ನನಗೆ ತೋರಿಸಿ. ಸಾರ್ಡಿಸ್‌ನ ಡೇರೆಯಲ್ಲಿ ಬ್ರೂಟಸ್ ಅವನನ್ನು ಲಂಚಕೋರನೆನ್ನುತ್ತಾನೆ, ಸೈನಿಕನಾಗಿ ನೀನು ಮೇಲಲ್ಲ ಎನ್ನುತ್ತಾನೆ. ಅಷ್ಟೆಲ್ಲ ಜಗಳದ ನಂತರ ಬ್ರೂಟಸ್‌ನ ಹೆಂಡತಿ ಪೋರ್ಷಿಯಾ ಸತ್ತ ಸುದ್ದಿ ತಿಳಿದಾಗ, ಇಂಥ ದುಃಖದಲ್ಲಿದ್ದ ನಿನ್ನನ್ನು ಅಷ್ಟು ಕೆಣಕಿಯೂ ನಾನು ಹೇಗೆ ಬದುಕಿ ಉಳಿದೆ ಎಂದು ಕೇಳುವವನು ಇದೇ ಕ್ಯಾಸಿಯಸ್. ಆ ಸಾಲನ್ನು ಓದುವಾಗ ನಮ್ಮ ಹುಡುಗನ ಧ್ವನಿ ನಡುಗಿತು.

ಮೇಷ್ಟ್ರು ಹೇಳಿದ ಪ್ರೇಟರ್ ಹುದ್ದೆಯ ಪೈಪೋಟಿಯನ್ನು ಷೇಕ್ಸ್‌ಪಿಯರ್ ಕೈಬಿಟ್ಟಿದ್ದಾನೆ. ಆದರೆ ಬಿರುಗಾಳಿಯ ರಾತ್ರಿ ಕ್ಯಾಸಿಯಸ್ ಸಂಚಿನ ಜೊತೆಗಾರ ಸಿನ್ನಾನ ಕೈಗೆ ಒಂದು ಕಾಗದ ಕೊಟ್ಟು, ಬ್ರೂಟಸ್‌ನ ಕಣ್ಣಿಗೆ ಬೀಳುವಂತೆ ಪ್ರೇಟರನ ಕುರ್ಚಿಯ ಮೇಲೆ ಇಡು ಎನ್ನುತ್ತಾನೆ. ಮೂಲವನ್ನು ತಿಳಿದವರಿಗೆ ಅದು ಕ್ಯಾಸಿಯಸ್ ಕಳೆದುಕೊಂಡ ಕುರ್ಚಿ. ಮೇಷ್ಟ್ರ ಟಿಪ್ಪಣಿಯ ನಂತರವೇ ಅದು ನನ್ನ ಕಣ್ಣಿಗೆ ಬಿತ್ತು, ಮೈ ಜುಮ್ಮೆಂದಿತು.

ಮಂಡ್ಯದ ನಿವೃತ್ತ ಇಂಗ್ಲಿಷ್ ಮೇಷ್ಟ್ರು:

ಕುರ್ಚಿಯ ಮಾತು ನನಗೂ ಹೊಸದು; ನಲವತ್ತು ವರ್ಷ ಪಾಠ ಮಾಡಿದರೂ ಅದನ್ನು ಹೀಗೆ ಜೋಡಿಸಿರಲಿಲ್ಲ. ಒಂದನ್ನು ಸೇರಿಸುತ್ತೇನೆ. ಸೀಸರನ ದೇಹದ ಕೊರತೆಗಳನ್ನು ಎಣಿಸಿದ ಕ್ಯಾಸಿಯಸ್‌ಗೆ ತನ್ನ ದೇಹದಲ್ಲೂ ಒಂದು ಕೊರತೆಯಿದೆ. ಫಿಲಿಪ್ಪೈನಲ್ಲಿ, ನನ್ನ ದೃಷ್ಟಿ ಯಾವಾಗಲೂ ಮಂದ, ಮೇಲೆ ಹತ್ತಿ ನೋಡಿ ಹೇಳು ಎಂದು ತನ್ನ ಸೇವಕ ಪಿಂಡಾರಸ್‌ನನ್ನು ಗುಡ್ಡಕ್ಕೆ ಕಳಿಸುತ್ತಾನೆ. ಗೆಳೆಯ ಟಿಟಿನಿಯಸ್‌ನನ್ನು ಸುತ್ತುವರಿದವರು ಮಿತ್ರರು, ಪಿಂಡಾರಸ್ ಶತ್ರುಗಳೆಂದು ಕೂಗುತ್ತಾನೆ. ಗೆಳೆಯನನ್ನು ಕಣ್ಣೆದುರೇ ಸೆರೆಗೆ ಕೊಟ್ಟು ಬದುಕಿದ ಹೇಡಿ ನಾನು ಎಂದು ಕ್ಯಾಸಿಯಸ್ ಸಾವನ್ನು ಆರಿಸಿಕೊಳ್ಳುತ್ತಾನೆ. ಅಂದು ಅವನ ಹುಟ್ಟುಹಬ್ಬ. ಕರುಬುವುದಷ್ಟೇ ತಿಳಿದಿದ್ದವನಿಗೆ ಇಂಥ ಸಾವನ್ನು ಕವಿ ಬರೆಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಶ್ರೀರಂಗಪಟ್ಟಣದ ಹವ್ಯಾಸಿ ನಟ:

ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಉರಿ ಇರಲೇಬೇಕು. ಆದರೆ ಅಕ್ಕನವರು ಎಣಿಸಿದ ಐದು ಬಾರಿಯನ್ನು ಓದಿದ ಮೇಲೆ, ಮತ್ತೊಮ್ಮೆ ನಾಟಕವನ್ನು ಓದಿಸಿಕೊಂಡು, ಆ ಹುಡುಗನಿಗೆ ಹೇಳಬೇಕಾದ ಒಂದು ಅಂಗಚಲನೆಯನ್ನು ಗುರುತಿಸಿದ್ದೇನೆ.

ಕ್ಯಾಸಿಯಸ್ ಮೂರು ಕಡೆ ಎದೆಯೊಡ್ಡುತ್ತಾನೆ. ಬಿರುಗಾಳಿಯ ರಾತ್ರಿ ಅಂಗಿ ಬಿಚ್ಚಿ ಸಿಡಿಲಿಗೆ ಎದೆ ಕೊಟ್ಟು ನಡೆದೆನೆಂದು ಕ್ಯಾಸ್ಕಾನಿಗೆ ಹೇಳುತ್ತಾನೆ. ಡೇರೆಯ ಜಗಳದಲ್ಲಿ ಕಠಾರಿಯನ್ನು ಬ್ರೂಟಸ್‌ನ ಕಡೆ ಚಾಚಿ, ಸೀಸರ್‌ಗೆ ಹೊಡೆದ ಹಾಗೆ ಹೊಡೆ, ನೀನು ಅವನನ್ನು ಅತಿಯಾಗಿ ದ್ವೇಷಿಸಿದ ಹೊತ್ತಿನಲ್ಲೂ ನನಗಿಂತ ಅವನನ್ನೇ ಹೆಚ್ಚು ಪ್ರೀತಿಸುತ್ತಿದ್ದೆ ಎನ್ನುತ್ತಾನೆ. ಕೊನೆಗೆ ಪಿಂಡಾರಸ್‌ನ ಕೈಗೆ ಸೀಸರನನ್ನು ಇರಿದ ಅದೇ ಕತ್ತಿಯನ್ನು ಕೊಟ್ಟು ಮುಖ ಮುಚ್ಚಿಕೊಳ್ಳುತ್ತಾನೆ. ಇದೇ ಅಭಿನಯವನ್ನು ನಾಟಕದಲ್ಲಿ ಇನ್ನೊಬ್ಬ ಮೊದಲೇ ಮಾಡಿದ್ದಾನೆ. ಕಿರೀಟ ನಿರಾಕರಿಸಿದ ದಿನ ಜನರ ಮುಂದೆ ಅಂಗಿಯನ್ನು ಕಿತ್ತು ಕುತ್ತಿಗೆ ಕೊಯ್ಯಿರಿ ಎಂದವನು ಸೀಸರ್. ಕ್ಯಾಸ್ಕಾ ಅದನ್ನು ಬಂದು ಹೇಳುವಾಗ ಕ್ಯಾಸಿಯಸ್ ಅಲ್ಲೇ ನಿಂತು ಕೇಳುತ್ತಿರುತ್ತಾನೆ.

ಹುಡುಗನಿಗೆ ಹೇಳಿ: ಆ ಸುದ್ದಿ ಕೇಳುವಾಗ ಅವನ ಬಲಗೈ ತನಗೆ ತಿಳಿಯದೆಯೇ ಅಂಗಿಯ ಕೊರಳಿಗೆ ಹೋಗಲಿ. ಡೇರೆಯ ದೃಶ್ಯದಲ್ಲಿ ‘ನನಗಿಂತ ಅವನನ್ನೇ’ ಎಂಬ ಮಾತನ್ನು ಕೂಗದೆ, ಬ್ರೂಟಸ್‌ನ ಕಡೆ ನೋಡದೆ, ನೆಲ ನೋಡಿ ಆಡಲಿ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಕುಕ್ಕರಹಳ್ಳಿ ಕೆರೆಯ ಯಾವ ಬಾಗಿಲಿನ ಹತ್ತಿರ ಕೂರುತ್ತೀರಿ ಎಂದು ದಯವಿಟ್ಟು ತಿಳಿಸಿ. ಪಿಂಡಾರಸ್‌ನ ಪಾರ್ಟು ಖಾಲಿಯಿದ್ದರೆ ಅದನ್ನು ನಾನು ಓದುತ್ತೇನೆ.